ಐದನೇ ಭಾಷೆಗೆ ಕಾಲೇಜು ಯಾಕ?

ನಮ್ಮ ಮನೆಯಲ್ಲಿ ಗಂಭೀರವಾಗಿ ಶುರುವಾದ ಯಾವ ವಿಷಯವೂ ಗಂಭೀರವಾಗಿ ಮುಗಿದದ್ದನ್ನು ನಾನು ಕಂಡಿಲ್ಲ. ಮಗಳ ಓದಿನ ವಿಷಯವಾದರೂ ಮರ್ಯಾದೆಯಿಂದ ಇತ್ಯರ್ಥವಾಗುತ್ತದೆ ಎಂದು ಯಾಕೆ ನಂಬಿದೆನೋ, ದೇವರಿಗೇ ಗೊತ್ತು.

ನಮ್ಮದು ಮೂಲತಃ ರಾಯಚೂರು ಕಡೆ. ಇರುವುದು ಹೈದರಾಬಾದಿನ ಕೂಕಟ್‌ಪಲ್ಲಿಯ ಒಂದು ಫ್ಲಾಟಿನಲ್ಲಿ. ನಾನು ಸನತ್‌ನಗರದಲ್ಲಿ ಔಷಧದ ಡಬ್ಬಿ ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ ಪರ್ಚೇಸ್ ನೋಡಿಕೊಳ್ಳುವವನು. ಮೂರು ಕಡೆ ಕೊಟೇಶನ್ ತರಿಸದೆ ಒಂದು ನಟ್ಟನ್ನೂ ಕೊಂಡವನಲ್ಲ. ಅದು ಊರಿಗೆ ಊರೇ ಸಾಫ್ಟ್‌ವೇರ್ ಆಗಿದ್ದ ಕಾಲ. ಬಾಡಿಗೆಗೆ ಮನೆ ಕೇಳಲು ಹೋದವನು ಸಾಫ್ಟ್‌ವೇರ್‌ನವನಲ್ಲ ಎಂದರೆ, ಓನರು "ಮತ್ತೆ ಜೀವನಕ್ಕೇನು ಮಾಡ್ತೀರಿ?" ಎಂದು ಕನಿಕರದಿಂದ ಕೇಳುತ್ತಿದ್ದರು.

ಅಂಥ ಕಾಲದಲ್ಲಿ, ಇಂಟರ್, ಅಂದರೆ ನಿಮ್ಮ ಪಿ.ಯು.ಸಿ., ಮುಗಿಸಿ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದ ನನ್ನ ಒಬ್ಬಳೇ ಮಗಳು, ಸೀಟು ಸಿಕ್ಕ ದಿನವೇ ಬಿಲ್ಡಿಂಗಿಗೆಲ್ಲ ಪೇಢೆ ಹಂಚುವ ಮೊದಲು ಹೇಳಿದಳು: "ಅಪ್ಪಾ, ನಾ ಇಂಜಿನಿಯರಿಂಗ್ ಹೋಗಂಗಿಲ್ಲ. ಬಿ.ಎ. ಮಾಡ್ತೀನಿ. ಜರ್ಮನ್ ಮೇಜರ್."

ನನ್ನ ಬಾಯಲ್ಲಿದ್ದ ಪೇಢೆ ಅಲ್ಲೇ ನಿಂತಿತು. ಹತ್ತನೇ ಕ್ಲಾಸಿನ ರಜೆಯಿಂದ ಶನಿವಾರ, ಭಾನುವಾರ ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದಳು, ನಿಜ. ಸಂಗೀತದ ಕ್ಲಾಸಿನ ಹಾಗೆ ಅದೂ ಒಂದು ಹವ್ಯಾಸ ಎಂದುಕೊಂಡಿದ್ದೆ. ಸಂಗೀತ ಕಲಿಯುವ ಮಗು ಮುಂದೆ ಹಾಡಿಯೇ ಹೊಟ್ಟೆ ಹೊರೆಯುತ್ತೇನೆ ಅಂದರೆ ಹೇಗಾಗುತ್ತದೋ ಹಾಗಾಯಿತು ನನಗೆ. ಭಾಷಾ ಕಾಲೇಜಿನಲ್ಲೂ ಸೀಟು ಸಿಕ್ಕಿತ್ತು. ಮುಂದಿನ ಸೋಮವಾರದೊಳಗೆ ಎರಡರಲ್ಲಿ ಒಂದಕ್ಕೆ ಸೇರಬೇಕು. ಹೂಂ ಅನ್ನಬೇಕಾದವನು ನಾನು. ಅಭ್ಯಾಸಬಲದಿಂದ ಕೊಟೇಶನ್ ತರಿಸಲು ಹೊರಟೆ.

ತರಕಾರಿ ಗಾಡಿ ಯೂನಿವರ್ಸಿಟಿ

ಮೊದಲ ಕೊಟೇಶನ್ ಕೇಳದೆಯೇ ಬಂತು, ನಮ್ಮ ಅವ್ವನಿಂದ. ಅವ್ವ ಈ ಊರಿಗೆ ಬಂದಾಗ ಆಕೆಗೆ ಕನ್ನಡ ಬಿಟ್ಟರೆ ಇನ್ನೊಂದು ಭಾಷೆಯ ಗಂಧವಿರಲಿಲ್ಲ. ಈಗ ತೆಲುಗಿನಲ್ಲಿ ತರಕಾರಿ ಕೊಳ್ಳುತ್ತಾಳೆ, ಹಿಂದಿಯಲ್ಲಿ ಆಟೋದವನ ಜೊತೆ ಜಗಳ ಆಡುತ್ತಾಳೆ, ಹೊಸ್ತಿಲು ದಾಟಿ ಒಳಗೆ ಬಂದಮೇಲೆ ಇಬ್ಬರನ್ನೂ ಕನ್ನಡದಲ್ಲಿ ಬೈಯುತ್ತಾಳೆ.

"ಏನಂತಾಳ ನಿನ್ನ ಮಗಳು?" ಅಂದಳು.

"ಜರ್ಮನ್ ಭಾಷಾ ಕಲೀತಾಳಂತ ಬೇ, ಕಾಲೇಜಿನ್ಯಾಗ. ಮೂರು ವರ್ಷ."

"ಮೂರು ವರ್ಷ!" ಅವ್ವ ಬಿಡಿಸುತ್ತಿದ್ದ ಬೆಳ್ಳುಳ್ಳಿ ಕೆಳಗಿಟ್ಟಳು. "ಮನ್ಯಾಗ ಕನ್ನಡ, ಓಣ್ಯಾಗ ತೆಲುಗು, ಆಟೋದಾಗ ಹಿಂದಿ, ಸಾಲ್ಯಾಗ ಇಂಗ್ಲಿಷ್. ನಾಕು ಭಾಷಾ ಅದಾವ ಈ ಮನ್ಯಾಗ. ಒಂದಕ್ಕರ ಯಾರರ ಕಾಲೇಜಿಗೆ ಹೋಗೀವೇನು? ಐದನೇದಕ್ಕ ಕಾಲೇಜು ಯಾಕ?"

"ಅಜ್ಜಿ, ಅದು ಹಂಗ ಬರಂಗಿಲ್ಲ" ಅಂದಳು ಮಗಳು.

"ಯಾಕ ಬರಂಗಿಲ್ಲ? ಆ ದೇಶದವರಿಗೆ ಒಂದು ಕಾಗದ ಹಾಕು. ನಮ್ಮ ಓಣಿಗೆ ಒಬ್ಬ ತರಕಾರಿಯವನ್ನ ಕಳಸ್ರಿ ಅನ್ನು. ಬದನೀಕಾಯಿ ಸೀಸನ್ ಮುಗಿಯೋದ್ರಾಗ ನೀನೂ ಕಲೀತಿ, ನಿನ್ನ ಜೋಡಿ ನಾನೂ ಕಲೀತೀನಿ!"

ಸ್ಕೋರಿಂಗ್ ಸಬ್ಜೆಕ್ಟು

ಎರಡನೆಯ ಕೊಟೇಶನ್ ನಮ್ಮ ಬಿಲ್ಡಿಂಗಿನ ಸೆಕ್ರೆಟರಿಯವರದು. ಯಾರ ಮನೆಯ ಮಕ್ಕಳು ಏನು ಓದಬೇಕು ಎನ್ನುವುದನ್ನು ನೀರಿನ ಮೋಟಾರಿನಷ್ಟೇ ಕಾಳಜಿಯಿಂದ ನೋಡಿಕೊಳ್ಳುವ ತೆಲುಗಿನ ಹಿರಿಯರು. ಅವರ ದೊಡ್ಡ ಮಗ ಆಗಲೇ ಸಾಫ್ಟ್‌ವೇರ್‌ನಲ್ಲಿದ್ದ. ಚಿಕ್ಕವನು ಆ ವರ್ಷ ಇಂಟರ್‌ನಲ್ಲಿ ಸಂಸ್ಕೃತದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ತೆಗೆದಿದ್ದ. ನಮ್ಮಲ್ಲಿ ಇಂಟರ್ ಮಕ್ಕಳು ಸಂಸ್ಕೃತ ತೆಗೆದುಕೊಳ್ಳುವುದು ಭಕ್ತಿಯಿಂದಲ್ಲ. ಮಾರ್ಕ್ಸು ಧಾರಾಳ, ಅದಕ್ಕೆ.

"ನೋಡಿ ಸಾರ್" ಎಂದರು ಸೆಕ್ರೆಟರಿ, ಲಿಫ್ಟಿನ ಬಾಗಿಲನ್ನು ಕಾಲಿನಿಂದ ತಡೆದು ನಿಲ್ಲಿಸಿಕೊಂಡು, "ಭಾಷೆ ಅನ್ನೋದು ಸ್ಕೋರಿಂಗ್ ಸಬ್ಜೆಕ್ಟು. ತಗೋಬೇಕು, ಮಾರ್ಕ್ಸು ಬಾಚಿಕೋಬೇಕು, ಬಿಟ್ಟು ಮುಂದೆ ಹೋಗಬೇಕು. ಅದರಲ್ಲೇ ಸಂಸಾರ ಹೂಡಿದರೆ ಹೇಗೆ? ನಮ್ಮವನನ್ನ ನೋಡಿ. ತೊಂಬತ್ತೊಂಬತ್ತು!"

ಮಾತಿನಲ್ಲಿ ತೂಕವಿದೆ ಅನ್ನಿಸಿತು. ಅದೇ ವಾರ ಬಿಲ್ಡಿಂಗಿನಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಮಂಟಪ ಸಿದ್ಧ, ಪ್ರಸಾದ ಸಿದ್ಧ, ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ ಸಿದ್ಧ. ಪುರೋಹಿತರು ಮಾತ್ರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಫೋನ್ ಮಾಡಿದರು. ಮುಹೂರ್ತ ಮೀರುತ್ತಿದೆ ಎಂದು ಎಲ್ಲರೂ ಗಾಬರಿಯಾದಾಗ ಸೆಕ್ರೆಟರಿಯವರ ಮುಖ ಅರಳಿತು.

"ಮನೆಯಲ್ಲೇ ಸಂಸ್ಕೃತ ಟಾಪರ್ ಇರುವಾಗ ಚಿಂತೆ ಯಾಕೆ?" ಎಂದು ಮಗನನ್ನು ಎಳೆದು ತಂದು ಮಣೆಯ ಮೇಲೆ ಕೂರಿಸಿ, ಪೂಜೆಯ ಪುಸ್ತಕ ಕೈಗೆ ಕೊಟ್ಟರು. "ಪುರೋಹಿತರು ಬರೋವರೆಗೆ ಶುರು ಮಾಡು, ಕಂದಾ."

ಟಾಪರ್ ಪುಸ್ತಕ ತೆರೆದ. ಒಂದು ಪುಟ ನೋಡಿದ, ಇನ್ನೊಂದು ಪುಟ ನೋಡಿದ, ಕೊನೆಯ ಪುಟವನ್ನೂ ನೋಡಿದ. ಆಮೇಲೆ ತಲೆಯೆತ್ತಿ, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಅಪ್ಪನನ್ನು ಕೇಳಿದ: "ಡ್ಯಾಡಿ, ಇದರಲ್ಲಿ ಚಾಯ್ಸ್ ಇದೆಯಾ? ಇಲ್ಲಾ ಎಲ್ಲಾ ಓದಲೇಬೇಕಾ?"

ಕಾಂಬೋ

ಮೂರನೆಯ ಕೊಟೇಶನ್‌ಗೆ ಮಗಳನ್ನು ಕರೆದುಕೊಂಡು ನಾರಾಯಣಗೂಡಕ್ಕೆ ಹೋದೆ. ಅಲ್ಲಿ ಗಲ್ಲಿಗೊಂದು ಕೋಚಿಂಗ್ ಸೆಂಟರು. ಒಂದು ಸೆಂಟರಿನ ಬೋರ್ಡಿನಲ್ಲಿ ಕಂಪ್ಯೂಟರ್ ಕೋರ್ಸುಗಳ ಸಾಲಿನ ಕೊನೆಗೆ 'ಜರ್ಮನ್' ಅಂತಲೂ ಬರೆದಿತ್ತು. ಬಿ.ಎ. ಯಾಕೆ, ಇಂಜಿನಿಯರಿಂಗ್ ಜೊತೆಗೇ ಇಲ್ಲಿ ಕಲಿಯಬಹುದಲ್ಲ ಎನ್ನುವುದು ನನ್ನ ಜಾಣತನ.

ಒಳಗೆ ಟೈ ಕಟ್ಟಿಕೊಂಡ ಕೌನ್ಸೆಲರ್ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ "ಜಾವಾನಾ ಸಾರ್?" ಅಂದ.

"ಅಲ್ಲ, ಜರ್ಮನ್."

"ತೊಂದರೆ ಇಲ್ಲ. ಜಾವಾ ಪ್ಲಸ್ ಜರ್ಮನ್, ಕಾಂಬೋ ಇದೆ."

"ಬರೀ ಜರ್ಮನ್ ಇಲ್ವಾ?"

ಬರೀ ಉಪ್ಪಿನಕಾಯಿ ಕೇಳಿದವನನ್ನು ಹೋಟೆಲಿನವನು ನೋಡುವ ಹಾಗೆ ಅವನು ನನ್ನನ್ನು ನೋಡಿದ. ಆಮೇಲೆ ಡೆಮೊ ಕ್ಲಾಸಿಗೆ ಕಳಿಸಿದ.

ಡೆಮೊ ಕ್ಲಾಸಿನಲ್ಲಿ ಮೇಷ್ಟ್ರು ಎಲ್ಲರಿಗೂ ಒಂದೊಂದು ಕಟ್ಟು ಜೆರಾಕ್ಸ್ ಹಂಚಿದರು. "ಇದರಲ್ಲಿ ಇಂಟರ್‌ವ್ಯೂನಲ್ಲಿ ಕೇಳುವ ಜರ್ಮನ್ ಪ್ರಶ್ನೆಗಳೂ ಇವೆ, ಉತ್ತರಗಳೂ ಇವೆ. ಬಾಯಿಪಾಠ ಮಾಡಿ. ಅಷ್ಟೇ ಜರ್ಮನ್."

ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಸಾರ್, ಇದರಲ್ಲಿಲ್ಲದ ಪ್ರಶ್ನೆ ಕೇಳಿದರೆ?"

"ಕೇಳಲ್ಲ" ಎಂದರು ಮೇಷ್ಟ್ರು. "ಹಿಂದಿನ ಬ್ಯಾಚಿನವರಿಗೆ ಕೇಳಿಲ್ಲ."

ನನ್ನ ಮಗಳು ಸುಮ್ಮನಿರಬಾರದೆ? ಕೈ ಎತ್ತಿ, ಜರ್ಮನ್‌ನಲ್ಲೇ ಏನೋ ಕೇಳಿದಳು. ಸಣ್ಣ ಪ್ರಶ್ನೆಯೇ, 'ನೀವು ಜರ್ಮನ್ ಎಲ್ಲಿ ಕಲಿತಿರಿ' ಅಂತ, ಆಮೇಲೆ ಹೇಳಿದಳು. ಮೇಷ್ಟ್ರು ಕೈಲಿದ್ದ ಜೆರಾಕ್ಸಿನಲ್ಲಿ ಬೆರಳಿಟ್ಟು ಹುಡುಕಿದರು, ಹಾಳೆ ತಿರುವಿ ಹುಡುಕಿದರು. ಕೊನೆಗೆ ಗಂಭೀರವಾಗಿ "ವೆರಿ ಗುಡ್. ಇದು ಅಡ್ವಾನ್ಸ್ಡ್ ಕೋರ್ಸಿನಲ್ಲಿ ಬರುತ್ತದೆ" ಎಂದು ಹೇಳಿ, ಫೋನ್ ಬಂತೆಂದು ಹೊರಗೆ ಹೋದವರು ಮರಳಿ ಬರಲೇ ಇಲ್ಲ.

ನಾವು ಮೆಲ್ಲಗೆ ಎದ್ದು ಮೆಟ್ಟಿಲು ಇಳಿಯುತ್ತಿದ್ದಾಗ ಕೌನ್ಸೆಲರ್ ಏದುಸಿರು ಬಿಡುತ್ತ ಓಡಿಬಂದ. ನನ್ನನ್ನು ದಾಟಿ ಮಗಳ ಮುಂದೆ ನಿಂತು ಕೈಮುಗಿದ: "ಮೇಡಂ, ಸೋಮವಾರದಿಂದ ಬರ್ತೀರಾ? ಕಲಿಯೋಕಲ್ಲ ಮೇಡಂ, ಕಲಿಸೋಕೆ!"

ಬೆಂಚಿನ ಮೇಲೆ ಇಬ್ಬರು ಅಪ್ಪಂದಿರು

ಮೂರು ಕೊಟೇಶನ್‌ಗಳೂ ಒಂದಕ್ಕೊಂದು ತಾಳೆಯಾಗಲಿಲ್ಲ. ಮಾಲು ತಯಾರಾಗುವ ಜಾಗವನ್ನೇ ನೋಡಿಬಿಡೋಣ ಎಂದು ಭಾಷಾ ಕಾಲೇಜಿಗೆ ಹೋದೆವು. ಮಗಳು ಒಳಗೆ ಮೇಡಂ ಒಬ್ಬರ ಜೊತೆ ಮಾತಾಡುತ್ತಿದ್ದಳು. ನಾನು ಮರದ ಕೆಳಗಿನ ಬೆಂಚಿನಲ್ಲಿ ಕೂತೆ. ಅಲ್ಲಿ ಆಗಲೇ ಇನ್ನೊಬ್ಬ ಅಪ್ಪ ಕೂತಿದ್ದರು. ಅಪ್ಪ ಅಂತ ಹೇಳಬೇಕಾಗಿರಲಿಲ್ಲ, ಮುಖದಲ್ಲೇ ಬರೆದಿತ್ತು.

"ನಮ್ಮ ಹುಡುಗಿ ಫ್ರೆಂಚ್" ಎಂದರು ಅವರು ತೆಲುಗಿನಲ್ಲಿ. "ನಿಮ್ಮದು?"

"ಜರ್ಮನ್."

ಇಬ್ಬರೂ ಸ್ವಲ್ಪ ಹೊತ್ತು ಅಳಿಲು ನೋಡಿದೆವು.

"ಮುಂದೆ ಏನು ಮಾಡಬೇಕು ಅಂತಿದ್ದೀರಿ?" ಎಂದರು.

ನನಗೇನು ಗೊತ್ತು? ಆದರೆ ಗೊತ್ತಿಲ್ಲ ಅನ್ನಲು ಅಭಿಮಾನ ಬಿಡಬೇಕಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು, "ಎಂ.ಎನ್.ಸಿ.ಗಳಲ್ಲಿ ಜರ್ಮನ್‌ನವರಿಗೆ ಭಾರಿ ಡಿಮ್ಯಾಂಡು. ನಮಗೆ ಚಿಂತೆ ಇಲ್ಲ. ನಿಮ್ಮದು?" ಅಂದೆ.

ಅವರೂ ಕಾಲ ಮೇಲೆ ಕಾಲು ಹಾಕಿದರು. "ಎಂಬೆಸಿ" ಎಂದರು. "ಫ್ರೆಂಚ್ ಅಂದಮೇಲೆ ಎಂಬೆಸಿಯೇ. ನಾವೂ ಚಿಂತೆ ಬಿಟ್ಟಿದ್ದೇವೆ."

ಚಿಂತೆ ಬಿಟ್ಟ ಇಬ್ಬರೂ ಫೋನ್ ನಂಬರ್ ಬದಲಾಯಿಸಿಕೊಂಡೆವು.

ಕೂಕಟ್‌ಪಲ್ಲಿಗೆ ಬಸ್ಸಿನಲ್ಲಿ ಬರುವಾಗ ಮಗಳನ್ನು ಕೇಳಿದೆ: "ಗಣಿತದಾಗ ಜಾಣ್ಯಾಕಿ ಅದಿ. ಸೀಟು ಸಿಕ್ಕೈತಿ. ಈ ಹಟ ಯಾಕ?"

ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: "ಗಣಿತ ಬರ್ತೈತಪ್ಪಾ. ಆದ್ರ ಗಣಿತದ ಕ್ಲಾಸಿನ್ಯಾಗ ಯಾವಾಗ ಬೆಲ್ ಆಗ್ತೈತಿ ಅಂತ ಕೂತಿರ್ತೀನಿ. ಜರ್ಮನ್ ಕ್ಲಾಸಿನ್ಯಾಗ, ಯಾಕ ಇಷ್ಟು ಲಗೂ ಬೆಲ್ ಆತು ಅನಸ್ತೈತಿ."

ಇಪ್ಪತ್ತು ವರ್ಷದಿಂದ ನಾನು ಕಾರ್ಖಾನೆಯಲ್ಲಿ ಬೆಲ್ ಕಾಯುತ್ತಲೇ ಬಂದವನು. ಮಗಳಿಗೂ ಅದೇ ಬಾಳನ್ನು ಕೊಡಿಸಲು ಇಷ್ಟೊಂದು ಓಡಾಡುತ್ತಿದ್ದೇನಲ್ಲ! ಹೂಂ ಅಂದುಬಿಡಲೇ ಅನ್ನಿಸಿತು. ಮರುಕ್ಷಣವೇ, ನಾಳೆ ಕೆಲಸ ಸಿಗದಿದ್ದರೆ ಎಂಬ ಭಯ ನಾಲಿಗೆ ಹಿಡಿಯಿತು.

ಮನೆ ಸೇರಿದವನೇ ಬಾಲ್ಕನಿಗೆ ಹೋಗಿ ಗುಟ್ಟಾಗಿ ಆ ಅಪ್ಪನಿಗೆ ಫೋನ್ ಮಾಡಿ, ಎಂಬೆಸಿಗೆ ಸೇರುವುದು ಹೇಗೆ ಎಂದು ಕೇಳೋಣ ಅಂದುಕೊಂಡೆ. ಫೋನ್ ಕೈಗೆತ್ತಿಕೊಳ್ಳುತ್ತಿದ್ದಂತೆ ಅದೇ ರಿಂಗಾಯಿತು. ಆ ಕಡೆಯಿಂದ ಪಿಸುದನಿ: "ಸಾರ್, ನಾನು, ಬೆಂಚಿನ ಮೇಲೆ ಸಿಕ್ಕಿದ್ದೆನಲ್ಲ... ಆ ಎಂ.ಎನ್.ಸಿ.ಗೆ ಸೇರೋದು ಹೇಗೆ ಅಂತ ಸ್ವಲ್ಪ ಹೇಳ್ತೀರಾ?"

ಇನ್‌ಸ್ಪೆಕ್ಷನ್

ನಮ್ಮ ಕಾರ್ಖಾನೆಯಲ್ಲಿ ಒಂದು ನಿಯಮವಿದೆ. ಮಾಲಿನ ಗುಣ ನಮಗೆ ತಿಳಿಯದಿದ್ದರೆ, ತಿಳಿದವರನ್ನು ಕರೆಸಿ ತೋರಿಸಬೇಕು. ಮಗಳ ಜರ್ಮನ್ ನಿಜಕ್ಕೂ ಕೆಲಸಕ್ಕೆ ಬರುವ ಜರ್ಮನ್ನೋ ಅಥವಾ ಜೆರಾಕ್ಸ್ ಜರ್ಮನ್ನೋ, ನಾನು ಹೇಗೆ ಹೇಳಲಿ? ದೇವರು ದಾರಿ ತೋರಿಸಿದ. ಆಗಷ್ಟೇ ಕಾರ್ಖಾನೆಗೆ ಬಂದ ಹೊಸ ಯಂತ್ರವನ್ನು ಕೂರಿಸಲು ಒಬ್ಬ ಜರ್ಮನ್ ಇಂಜಿನಿಯರ್ ಬಂದಿದ್ದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿಕೆಯಾಗಿತ್ತು. ಭಾನುವಾರ ಊಟಕ್ಕೆ ಕರೆದೆ. "ಮಗಳ ಜೊತೆ ಮಾತಾಡಿ ನೋಡಿ, ಅವಳು ಹೇಗೆ ಅಂತ ನನಗೆ ಖಂಡಿತವಾಗಿ ಹೇಳಿ" ಎಂದು ಮೊದಲೇ ಕೇಳಿಕೊಂಡೆ. ಸೋಮವಾರ ಎಲ್ಲಿ ಸೇರುವುದು ಎನ್ನುವುದು ಆ ಊಟದ ಮೇಲೆ ನಿಂತಿತು. ಅದು ಮಗಳಿಗೂ ಗೊತ್ತಿತ್ತು. ಬೆಳಗಿನಿಂದ ಅವಳು ನೀರೂ ಸರಿಯಾಗಿ ಕುಡಿದಿರಲಿಲ್ಲ.

ಇಲ್ಲಿ ನಮ್ಮ ಮನೆಯ ಊಟದ ಪದ್ಧತಿ ಹೇಳಬೇಕು. ಅವ್ವ ಬಡಿಸಲು ನಿಂತರೆ, ತಟ್ಟೆ ಖಾಲಿ ಕಾಣುವುದೆಂದರೆ ಮನೆತನಕ್ಕೆ ಅವಮಾನ. "ಬೇಡ" ಅಂದರೆ ಸಂಕೋಚ, "ಸಾಕು" ಅಂದರೆ ಇನ್ನೂ ಸಂಕೋಚ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಬಡಿಸುತ್ತಾಳೆ. ಊರಲ್ಲಿದ್ದಾಗ ಇದಕ್ಕೆ ಒಂದೇ ಒಂದು ಬ್ರೇಕು ಇತ್ತು: ಉಂಡವನು ತಟ್ಟೆಯಲ್ಲೇ ಕೈ ತೊಳೆದುಬಿಟ್ಟರೆ ಮುಗಿಯಿತು, ಬ್ರಹ್ಮ ಬಂದರೂ ಬಡಿಸುವ ಹಾಗಿಲ್ಲ. ಆದರೆ ಫ್ಲಾಟಿಗೆ ಬಂದಮೇಲೆ ನನ್ನ ಹೆಂಡತಿ "ವಾಶ್‌ಬೇಸಿನ್ ಇರೋದು ಯಾತಕ್ಕ?" ಎಂದು ಆ ಪದ್ಧತಿಯನ್ನು ನಿಷೇಧಿಸಿದ್ದಳು. ಅಂದಿನಿಂದ ನಮ್ಮದು ಬ್ರೇಕಿಲ್ಲದ ಗಾಡಿ.

ಸಾಹೇಬರು ಬಂದರು. ಮಗಳು ಮಾತಾಡಿಸಿದಳು. ಎರಡೇ ಮಾತಾಡಿ ತಡವರಿಸಿ ನಿಂತುಬಿಟ್ಟಳು. ಸಾಹೇಬರು ಮುಗುಳ್ನಕ್ಕರು. ಆಯಿತು, ಇಂಜಿನಿಯರಿಂಗೇ ಗತಿ ಅಂದುಕೊಂಡೆ.

ಊಟಕ್ಕೆ ಕೂತರು. ನಾನು ಆಮೇಲೆ ಹೆಂಡತಿಯ ಜೊತೆ ಉಣ್ಣುವುದೆಂದು ಉಪಚಾರಕ್ಕೆ ನಿಂತೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಸಾಹೇಬರು ನಮ್ಮಂತೆಯೇ ಕೈಯಲ್ಲಿ ಉಂಡರು, ಖುಷಿಯಿಂದ ಉಂಡರು. ಆಮೇಲೆ ಶೇಂಗಾ ಹೋಳಿಗೆ ಬಂತು, ಮೇಲೆ ತುಪ್ಪ. ತಟ್ಟೆ ಖಾಲಿ ಮಾಡಿದರು. ಅವ್ವ ಇನ್ನೊಂದು ಹಾಕಿದಳು. ಅದನ್ನೂ ಖಾಲಿ ಮಾಡಿದರು. ಅವ್ವ ಮತ್ತೆ ಹಾಕಿದಳು. "ನೋ, ನೋ, ಥ್ಯಾಂಕ್ಯೂ" ಎಂದರು.

"ನಾಚ್ಕೋತಾನ ಪಾಪ. ದೊಡ್ಡ ಜೀವ, ಹಸಿದಿರ್ತೈತಿ" ಎಂದು ಅವ್ವ ಇನ್ನೊಂದು ಹಾಕಿದಳು.

ಸಾಹೇಬರು ಚಿಕ್ಕಂದಿನಿಂದ ಕಲಿತದ್ದೇನೆಂದರೆ, ತಟ್ಟೆಗೆ ಬಿದ್ದದ್ದನ್ನು ಬಿಡುವುದು ಆತಿಥ್ಯಕ್ಕೆ ಮಾಡಿದ ಅವಮಾನ. ಅವ್ವ ಚಿಕ್ಕಂದಿನಿಂದ ಕಲಿತದ್ದೇನೆಂದರೆ, ಖಾಲಿ ತಟ್ಟೆಗೆ ಹಾಕದಿರುವುದು ಅವಮಾನ. ಇಬ್ಬರೂ ಮರ್ಯಾದಸ್ಥರು, ಯಾರೂ ಸೋಲುವ ಹಾಗಿಲ್ಲ. ಸಾಹೇಬರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಯಾಯಿತು, ಹಣೆಯ ಮೇಲೆ ಬೆವರೊಡೆಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಎರಡಕ್ಕೂ ಗತಿಯಿಲ್ಲದೆ ನನ್ನ ಮನೆಯಲ್ಲೊಬ್ಬ ಸಿಕ್ಕಿಬಿದ್ದಿದ್ದ. ಮನೆಗೆ ಬಂದವನಿಗೆ 'ಇನ್ನು ತಿನ್ನಬೇಡಿ' ಎಂದು ಇಂಗ್ಲಿಷಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಅವ್ವನಿಗೆ 'ಇನ್ನು ಬಡಿಸಬೇಡ' ಎಂದು ಕನ್ನಡದಲ್ಲಿ ಹೇಳಲು ಧೈರ್ಯ ಬರಲಿಲ್ಲ. ನಾಲ್ಕು ಭಾಷೆಯ ಮನೆ, ನಾಲ್ಕರಲ್ಲೂ ಮೂಕ.

ಆಗ ಮಗಳು ಬಾಯಿ ಬಿಟ್ಟಳು. ಜರ್ಮನ್‌ನಲ್ಲಿ, ಮೆಲ್ಲಗೆ, ನಗುನಗುತ್ತ ಏನೋ ಹೇಳಿದಳು. ಸಾಹೇಬರು ಗಾಬರಿಯಿಂದ ತಲೆ ಅಲ್ಲಾಡಿಸಿದರು. ಅವಳು ಮತ್ತೆ ಹೇಳಿದಳು. ಅವರು ತಟ್ಟೆ ನೋಡಿದರು, ಅವ್ವನನ್ನು ನೋಡಿದರು, ಬೇಡವೇ ಬೇಡ ಎಂಬಂತೆ ಏನೋ ಉದ್ದಕ್ಕೆ ವಾದಿಸಿದರು. ಇವಳೂ ಬಿಡಲಿಲ್ಲ. ಒಂದು ಕಡೆ ತಟ್ಟೆ ತೋರಿಸುತ್ತ, ಒಂದು ಕಡೆ ಅಜ್ಜಿಯನ್ನು ತೋರಿಸುತ್ತ, ತಡವರಿಕೆಯೇ ಇಲ್ಲದೆ ಜರ್ಮನ್ ಹರಿಸಿದಳು. ನನಗೆ ಒಂದಕ್ಷರ ಅರ್ಥವಾಗದಿದ್ದರೂ, ಮಗಳು ಜಗಳ ಗೆಲ್ಲುತ್ತಿದ್ದಾಳೆ ಅನ್ನುವುದು ಅರ್ಥವಾಯಿತು.

ಅವ್ವ ಆರನೆಯದೋ ಏಳನೆಯದೋ ಹೋಳಿಗೆ ಹಿಡಿದು ಬಗ್ಗಿದಳು. ಸಾಹೇಬರು ಕಣ್ಣು ಮುಚ್ಚಿಕೊಂಡು, ನೀರಿನ ಲೋಟ ಎತ್ತಿ, ತಟ್ಟೆಯಲ್ಲೇ ಕೈ ತೊಳೆದುಬಿಟ್ಟರು.

ನನ್ನ ಹೆಂಡತಿ "ಅಯ್ಯ!" ಅಂದಳು. ಅವ್ವನ ಕೈ ಗಾಳಿಯಲ್ಲೇ ನಿಂತಿತು. ಮುಖ ಮಾತ್ರ ಹುಣ್ಣಿಮೆಯಂತಾಯಿತು. "ನೋಡವ್ವಾ, ಎಷ್ಟು ಛಲೋ ಮನಿತನದಾಂವ! ನಮ್ಮ ಪದ್ಧತಿ ಬಲ್ಲಾಂವ!" ಎಂದು ಸೊಸೆಯ ಕಡೆ ತಿರುಗಿ ಹೇಳಿದಳು.

ಸಾಹೇಬರು ಹೊರಡುವಾಗ ಬಾಗಿಲಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದು ಹೇಳಿದ್ದರ ಸಾರ ಇಷ್ಟು: "ಊಟದ ತಟ್ಟೆಯಲ್ಲಿ ಕೈ ತೊಳೆಯುವಂತೆ ಒಬ್ಬ ಜರ್ಮನ್‌ನವನನ್ನು ಒಪ್ಪಿಸುವುದು ಜರ್ಮನ್ನರಿಗೇ ಆಗದ ಕೆಲಸ. ನಿಮ್ಮ ಮಗಳಿಗೆ ನನ್ನ ಭಾಷೆ ಬರುತ್ತದೆ. ಅವಳನ್ನು ಓದಿಸಿ."

ಬಾಗಿಲು ಹಾಕಿದ ಮೇಲೆ ಮಗಳು ಗೋಡೆಗೊರಗಿ ಒಂದೇ ಸಮ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. ನನ್ನ ಕಣ್ಣಲ್ಲೂ ಬಂತು, ಮುಚ್ಚಿಡುವುದೇನು.

ನಾನೂ ಹೆಂಡತಿಯೂ ಊಟಕ್ಕೆ ಕೂತೆವು. ಅವ್ವ ಬಡಿಸುತ್ತ ಮೊಮ್ಮಗಳನ್ನು ಕೇಳಿದಳು: "ಏನು ಹೇಳಿದಿ ಆ ಮನಶಾಗ?"

ಸುಳ್ಳು ಹೇಳು ಎಂದು ನಾನು ಕಣ್ಸನ್ನೆ ಮಾಡಿದೆ. ಅವಳು ನಿಜವನ್ನೇ ಹೇಳಿದಳು: "ನಮ್ಮಜ್ಜಿ ಕೈಯಾಗಿಂದ ಪಾರಾಗಾಕ ಇದೊಂದ ಹಾದಿ ಐತ್ರಿ, ತಟ್ಟ್ಯಾಗ ಕೈ ತೊಳ್ಕೋರಿ ಅಂದೆ."

ಅವ್ವ ಸೌಟು ಹಿಡಿದು ನಿಂತೇ ಇದ್ದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಭಾಳ ಜಾಣಿ ಅದೀ ಬಿಡು! ನನ್ನ ಎದುರಿಗೇ ನಿಂತು, ನನಗ ತಿಳೀಧಂಗ, ನನ್ನ ಕೈ ಕಟ್ಟಿದಿ. ತಮ್ಮಾ, ಇಕೀನ್ನ ನಾಳೆ ಆ ಭಾಷಾದ ಕಾಲೇಜಿಗೇ ಹಚ್ಚು."

ಮೂರು ಕೊಟೇಶನ್, ಒಂದು ಇನ್‌ಸ್ಪೆಕ್ಷನ್, ಎಲ್ಲದರ ಮೇಲೆ ಅವ್ವನ ಸಹಿ ಬಿತ್ತು. ನಾನು ಹೂಂ ಅಂದೆ. ಎಷ್ಟು ಹಗುರಾಯಿತೆಂದರೆ, ನಾಲ್ಕನೆಯ ಹೋಳಿಗೆ ಮುಗಿದದ್ದೇ ಗೊತ್ತಾಗಲಿಲ್ಲ. ಅವ್ವ ಐದನೆಯದನ್ನು ಹಿಡಿದು ಬಗ್ಗಿದಾಗ ಎಚ್ಚರವಾಯಿತು. ಹೊಟ್ಟೆಯಲ್ಲಿ ಜಾಗವಿಲ್ಲ. ಇವತ್ತಿನ ಗಾಳಿ ನೋಡಿಕೊಂಡು ನಾನೂ ಧೈರ್ಯ ಮಾಡಿ, ತಟ್ಟೆಯಲ್ಲೇ ಕೈ ತೊಳೆಯಲು ನೀರಿನ ಲೋಟ ಎತ್ತಿದೆ.

ಹೆಂಡತಿ ಲೋಟ ಕಸಿದುಕೊಂಡಳು. ಅವ್ವ ತಟ್ಟೆಗೆ ಹೋಳಿಗೆ ಹಾಕಿ, ಮೇಲೆ ಧಾರಾಳವಾಗಿ ತುಪ್ಪ ಸುರಿದು ಹೇಳಿದಳು:

"ಸುಮ್ನ ತಿನ್ನು. ಅದಕ್ಕೆಲ್ಲಾ ಮೂರು ವರ್ಷ ಕಾಲೇಜಿಗೆ ಹೋಗಬೇಕು!"